ವಿಕೋಪ ಪರಿಹಾರಕ್ಕಾಗಿ ಮಾರಾಟ: ಕಲೆ, ಕರಕುಶಲ, ವಿನ್ಯಾಸದ ಸಣ್ಣ ಉದ್ಯಮಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಭೂಕಂಪ, ಪ್ರವಾಹ, ಕಾಡ್ಗಿಚ್ಚು, ಚಂಡಮಾರುತದ ಸುದ್ದಿ ಬಂದಾಗ ಚಿತ್ರಕಾರರು, ಮಣ್ಣಿನ ಕೆಲಸದವರು, ಕಸೂತಿ ಮಾಡುವವರು, ಒಬ್ಬರೇ ಕೂತು ಗೇಮ್ ಅಥವಾ ಅಕ್ಷರ ವಿನ್ಯಾಸ ಮಾಡುವವರು ಮೊದಲು ಯೋಚಿಸುವುದು, ನಮ್ಮ ಕೈಕೆಲಸ ಮಾರಿ ಏನಾದರೂ ಕೊಡೋಣ ಎಂದು. ಈ ಯೋಚನೆಗೆ ಬೆಲೆಯಿದೆ. ಆದರೆ ಘೋಷಣೆಗೆ ಮುಂಚೆ ಕಾಗದದ ಮೇಲೆ ಲೆಕ್ಕ ಬರೆಯದಿದ್ದರೆ ಕೊನೆಗೆ ಕೊಡಲು ಉಳಿಯುವುದು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ. ಕೆಳಗಿನ ಲೆಕ್ಕಗಳಲ್ಲಿ ನಾಣ್ಯದ ಹೆಸರಿಲ್ಲ, ಮೊತ್ತಗಳು ಉದಾಹರಣೆ ಮಾತ್ರ. ನಿಮ್ಮವನ್ನು ಹಾಕಿಕೊಳ್ಳಿ.

ಸುದ್ದಿ ಬಂದ ದಿನವೇ ಮಾರಾಟ ಶುರು ಮಾಡಬೇಕೇ?

ಎರಡು ಮೂರು ದಿನ ತಡೆಯಿರಿ. ಮೊದಲ ಒಂದೆರಡು ದಿನ ಎಲ್ಲಿ ಯಾರಿಗೆ ಏನು ಬೇಕು ಎಂಬುದು ಅಲ್ಲಿರುವವರಿಗೇ ಪೂರ್ತಿ ತಿಳಿದಿರುವುದಿಲ್ಲ. ನಕಲಿ ನಿಧಿಗಳು ತಲೆ ಎತ್ತುವುದೂ ಆಗಲೇ. ಆ ಹೊತ್ತನ್ನು ಸಂಸ್ಥೆ ಆರಿಸಲು, ಲೆಕ್ಕ ಹಾಕಲು ಬಳಸಿ. ಹಾಗೆಂದು ತಿಂಗಳು ಕಾಯಬೇಡಿ, ಅಷ್ಟರಲ್ಲಿ ಜನರ ಗಮನ ಬೇರೆಡೆ ಹೋಗಿರುತ್ತದೆ.

ಇನ್ನೊಂದು ವಿಷಯವನ್ನು ಹಲವರು ಯೋಚಿಸುವುದಿಲ್ಲ. ನಿಮ್ಮ ವಸ್ತು ತಯಾರಾಗಲು ಆರು ವಾರ ಬೇಕಾದರೆ, ಆ ಹಣ ಕುಡಿಯುವ ನೀರಿಗೋ ಟಾರ್ಪಾಲಿಗೋ ಸಮಯಕ್ಕೆ ತಲುಪುವುದಿಲ್ಲ. ಅಂಥ ಮಾರಾಟವನ್ನು ಮನೆ ಕಟ್ಟಿಕೊಡುವ, ಶಾಲೆ ರಿಪೇರಿ ಮಾಡಿಸುವ, ಕಳೆದುಹೋದ ಉಪಕರಣ ಕೊಡಿಸುವ ಕೆಲಸಕ್ಕೆ ಮೀಸಲಿಡಿ. ಪುನರ್ನಿರ್ಮಾಣ ವರ್ಷಗಟ್ಟಲೆ ನಡೆಯುತ್ತದೆ, ಅದಕ್ಕೆ ಹಣ ಕೊಡುವವರು ಯಾವಾಗಲೂ ಕಡಿಮೆ. ತುರ್ತು ಹಂತಕ್ಕೇ ಕೊಡಬೇಕೆಂದಿದ್ದರೆ ಡಿಜಿಟಲ್ ವಸ್ತು ಮಾರಿ, ಇಲ್ಲವೇ ಈಗಾಗಲೇ ಕಪಾಟಿನಲ್ಲಿರುವ ಸ್ಟಾಕ್ ಮಾರಿ.

‘ಲಾಭದ ಅರ್ಧ’ ಎಂದು ಹೇಳಬೇಕೇ, ‘ಶೇ. 20’ ಎನ್ನಬೇಕೇ, ‘ಪ್ರತಿ ವಸ್ತುವಿಗೆ ಇಷ್ಟು’ ಎನ್ನಬೇಕೇ?

ಪ್ರತಿ ವಸ್ತುವಿಗೆ ಇಷ್ಟು ಎಂದೇ ಹೇಳಿ. ಈ ಇಡೀ ಪುಟದಲ್ಲಿ ಒಂದೇ ಸಲಹೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

‘ಲಾಭ’ ಎಂಬುದನ್ನು ನೀವು ಒಂದು ರೀತಿ ಲೆಕ್ಕ ಹಾಕುತ್ತೀರಿ, ಕೊಳ್ಳುವವರು ಇನ್ನೊಂದು ರೀತಿ ಊಹಿಸುತ್ತಾರೆ. ಬಾಡಿಗೆ, ವಿದ್ಯುತ್, ನಿಮ್ಮ ಕೂಲಿ ಇವೆಲ್ಲ ಕಳೆದ ಮೇಲಿನದೇ, ಅಥವಾ ಬರೀ ಸಾಮಗ್ರಿಯ ಖರ್ಚು ಕಳೆದದ್ದೇ? ಮಾರಾಟ ಮುಗಿದ ಮೇಲೆ ಈ ಪ್ರಶ್ನೆ ಬಂದರೆ ನಿಮ್ಮ ಉತ್ತರ ನಿಜವಾಗಿದ್ದರೂ ನೆಪದಂತೆ ಕೇಳಿಸುತ್ತದೆ. ಶೇಕಡಾವಾರು ಇದಕ್ಕಿಂತ ವಾಸಿ, ಆದರೆ ಅಲ್ಲೂ ತೆರಿಗೆ ಸೇರಿದ ಬೆಲೆಯ ಮೇಲೋ, ಸೇರದ್ದರ ಮೇಲೋ, ರಿಯಾಯಿತಿ ಕೊಟ್ಟಾಗ ಏನು ಎಂಬ ಗೊಂದಲ ಉಳಿಯುತ್ತದೆ. ‘ಪ್ರತಿ ಪ್ರಿಂಟಿಗೆ 400’ ಎಂದರೆ ಮಾರಿದ ಸಂಖ್ಯೆಯಿಂದ ಗುಣಿಸಿದರೆ ಮುಗಿಯಿತು. ಕೊಳ್ಳುವವರೂ ಅದನ್ನು ತಾಳೆ ನೋಡಬಹುದು.

ಆ ಮೊತ್ತವನ್ನು ನಿಗದಿ ಮಾಡುವುದು ಹೇಗೆ?

ಒಂದು ಎ3 ಪ್ರಿಂಟ್ ತೆಗೆದುಕೊಳ್ಳೋಣ. ತೆರಿಗೆ ಬಿಟ್ಟು ಬೆಲೆ 1000, ಮಾರಾಟ ತೆರಿಗೆ ಶೇ. 10 ಎಂದಿರಲಿ, ಕೊರಿಯರ್ 150. ಗ್ರಾಹಕರು ಕೊಡುವ ಒಟ್ಟು ಹಣ 1250. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿ, ಶೇ. 3 ಹಿಡಿದುಕೊಂಡರೆ ಅದು 1000ದ ಮೇಲಲ್ಲ, ಪೂರ್ತಿ 1250ರ ಮೇಲೆ, ಅಂದರೆ ಸುಮಾರು 38. ಹೆಚ್ಚಿನ ಜನ ಎಡವುವುದು ಇಲ್ಲೇ. ಕಾಗದ ಮತ್ತು ಮುದ್ರಣ 270, ಟ್ಯೂಬ್, ಟೇಪು, ಲೇಬಲ್ ಸೇರಿ ಪ್ಯಾಕಿಂಗ್ 60. ಮಡಿಚಿಹೋದ, ಕಳೆದುಹೋದ, ವಿಳಾಸ ತಪ್ಪಾಗಿ ವಾಪಸ್ ಬಂದ ಪಾರ್ಸೆಲ್‌ಗಳಿಗೆಂದು ಬೆಲೆಯ ಶೇ. 5, ಅಂದರೆ 50 ಎತ್ತಿಡಿ. ಖರ್ಚು ಒಟ್ಟು 418, ಉಳಿಯುವುದು 582.

ಈ 582ನ್ನೂ ಕೊಡುತ್ತೇನೆ ಎಂದು ಘೋಷಿಸಬೇಡಿ. ಮುದ್ರಣದವರು ದರ ಏರಿಸಿದರೆ, ಕೊರಿಯರ್‌ಗೆ ನೀವು ಅಂದಾಜಿಸಿದ 150 ಸಾಲದೆ 190 ಆದರೆ, ಆ ಕೊರತೆ ನಿಮ್ಮ ಮನೆಖರ್ಚಿನಿಂದ ಹೋಗುತ್ತದೆ. 400 ಎಂದು ಹೇಳಿ. ಕೊನೆಯಲ್ಲಿ ಹೆಚ್ಚು ಉಳಿದರೆ ಅದನ್ನೂ ಸೇರಿಸಿ ಕೊಡಿ. ಹೇಳಿದ್ದಕ್ಕಿಂತ ಹೆಚ್ಚು ಕೊಟ್ಟವರನ್ನು ಯಾರೂ ಪ್ರಶ್ನಿಸುವುದಿಲ್ಲ.

ಪುಟದಲ್ಲಿ ಕಾಣುವ 1000ದೊಳಗೇ ತೆರಿಗೆ ಸೇರಿದ್ದರೆ ಲೆಕ್ಕವೇ ಬೇರೆ. ಶೇ. 10ರ ದರದಲ್ಲಿ ನಿಮ್ಮ ನಿಜವಾದ ಬೆಲೆ 909, 1000 ಅಲ್ಲ. ಆ 91 ಸರ್ಕಾರದ್ದು. ಇದನ್ನು ಗಮನಿಸದೆ 400 ಎಂದರೆ, ಅದನ್ನು ಕೊಟ್ಟ ಮೇಲೆ ನಿಮ್ಮಲ್ಲಿ ಉಳಿಯಬೇಕಿದ್ದ 182ರಲ್ಲಿ ಅರ್ಧದಷ್ಟು ಸದ್ದಿಲ್ಲದೆ ಕರಗುತ್ತದೆ.

ಇಂಥ ಮಾರಾಟದಲ್ಲಿ ನನ್ನ ಕೂಲಿ ತೆಗೆದುಕೊಳ್ಳುವುದು ತಪ್ಪೇ?

ತಪ್ಪಲ್ಲ. ಮುಚ್ಚಿಟ್ಟರೆ ತಪ್ಪು. ‘ಸಾಮಗ್ರಿ, ಪ್ಯಾಕಿಂಗ್ ಮತ್ತು ನಮ್ಮ ಕೆಲಸದ ಖರ್ಚು ಬೆಲೆಯಲ್ಲಿ ಸೇರಿದೆ, ಪ್ರತಿ ಪ್ರಿಂಟಿನಿಂದ 400 ಪರಿಹಾರಕ್ಕೆ’ ಎಂದು ಬರೆದರೆ ಯಾರಿಗೂ ಮೋಸವಿಲ್ಲ. ಇನ್ನೂರು ಪಾರ್ಸೆಲ್ ಕಟ್ಟುವುದು ಒಂದು ವಾರದ ಪೂರ್ತಿ ಕೆಲಸ. ಆ ವಾರದ ಸಂಪಾದನೆ ಬಿಡಲು ಆಗದವರು ಬಿಡಬೇಕಿಲ್ಲ. ಸಹಾಯಕರಿಗಂತೂ ಎಂದಿನ ಕೂಲಿ ಕೊಡಲೇಬೇಕು. ದಾನ ಮಾಡುವ ನಿರ್ಧಾರ ನಿಮ್ಮದು, ಅದರ ಭಾರ ಅವರ ಮೇಲೆ ಬೀಳಬಾರದು.

ಮುದ್ರಿಸಿಟ್ಟು ಮಾರುವುದೋ, ಪ್ರೀ-ಆರ್ಡರ್ ತೆಗೆದುಕೊಳ್ಳುವುದೋ?

ಪ್ರೀ-ಆರ್ಡರ್. ಏಳರಿಂದ ಹತ್ತು ದಿನ ಆರ್ಡರ್ ತೆರೆದಿಟ್ಟು, ಮುಚ್ಚಿ, ಬಂದ ಸಂಖ್ಯೆಗೆ ಶೇ. 5 ಸೇರಿಸಿ ಮಾಡಿಸಿ. ಹತ್ತು ದಿನ ದಾಟಿದರೆ ಮಧ್ಯದ ದಿನಗಳಲ್ಲಿ ಆರ್ಡರ್ ಹೆಚ್ಚು ಬರುವುದಿಲ್ಲ, ಮೊದಲ ದಿನ ಕೊಂಡವರು ಮಾತ್ರ ಕಾಯುತ್ತ ಕೂರುತ್ತಾರೆ.

ಸ್ಕ್ರೀನ್ ಪ್ರಿಂಟಿಂಗ್ ಆದರೆ ಬಣ್ಣಗಳ ಸಂಖ್ಯೆಯ ಮೇಲೆ ಕಣ್ಣಿಡಿ. ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್, ಪ್ರತಿ ಸ್ಕ್ರೀನಿಗೂ ತಯಾರಿಯ ಖರ್ಚು. ಒಂದಕ್ಕೆ 600 ಎಂದಾದರೆ ಮೂರು ಬಣ್ಣಕ್ಕೆ 1800. ನೂರು ಟೀ ಶರ್ಟ್ ಆದರೆ ಒಂದರ ಮೇಲೆ 18 ಬೀಳುತ್ತದೆ, ಇಪ್ಪತ್ತೇ ಆದರೆ 90. ಬಟ್ಟೆಯ ಬಣ್ಣವನ್ನೇ ವಿನ್ಯಾಸದ ಒಂದು ಬಣ್ಣವಾಗಿ ಬಳಸಿ ಒಂದೇ ಶಾಯಿಯಲ್ಲಿ ಮುಗಿಸಿದರೆ ಪರಿಹಾರಕ್ಕೆ ಹೋಗುವ ಪಾಲು ಹೆಚ್ಚುತ್ತದೆ. ಟೀ ಶರ್ಟಿಗಿಂತ ಚೀಲ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಚೀಲಕ್ಕೆ ಸೈಜಿಲ್ಲ. ಅಳತೆ ಸರಿಹೋಗಲಿಲ್ಲ ಎಂದು ವಾಪಸ್ ಬರುವ ಒಂದು ಶರ್ಟು ಎರಡು ಶರ್ಟಿನ ದೇಣಿಗೆಯನ್ನು ತಿನ್ನುತ್ತದೆ.

ಪ್ರೀ-ಆರ್ಡರ್ ಪುಟದಲ್ಲಿ ಎರಡು ದಿನಾಂಕ ಇರಲೇಬೇಕು: ಆರ್ಡರ್ ಮುಚ್ಚುವ ದಿನ, ಪಾರ್ಸೆಲ್ ಹೊರಡುವ ದಿನ. ಮುದ್ರಕರು ಹೇಳಿದ ಅವಧಿಗೆ ಒಂದು ವಾರ ಸೇರಿಸಿಯೇ ಎರಡನೆಯದನ್ನು ಬರೆಯಿರಿ. ಕನಿಷ್ಠ ಸಂಖ್ಯೆ ಬರದಿದ್ದರೆ ಏನು ಎಂಬುದನ್ನೂ ಹೇಳಿಬಿಡಿ: ‘40 ಆರ್ಡರ್ ಆಗದಿದ್ದರೆ ಹಣ ವಾಪಸ್.’

ಡಿಜಿಟಲ್ ವಸ್ತುಗಳಿಂದ ನಿಜಕ್ಕೂ ಹಣ ಬರುತ್ತದೆಯೇ?

ಬರುತ್ತದೆ, ಅದೂ ಬೇಗ. ಕಾಗದವಿಲ್ಲ, ಕೊರಿಯರ್ ಇಲ್ಲ, ಗೇಟ್‌ವೇ ಮತ್ತು ತೆರಿಗೆ ಕಳೆದರೆ ಉಳಿದದ್ದೆಲ್ಲ ಕೊಡಬಹುದು. 2022ರ ಮಾರ್ಚ್‌ನಲ್ಲಿ ಇಚ್.ಐಒ ಎಂಬ ಆಟಗಳ ವೇದಿಕೆಯಲ್ಲಿ ನೂರಾರು ಸಣ್ಣ ತಯಾರಕರು ತಮ್ಮ ಗೇಮ್‌ಗಳನ್ನು, ಪುಸ್ತಿಕೆಗಳನ್ನು, ಸಂಗೀತವನ್ನು ಒಂದೇ ಕಟ್ಟಿನಲ್ಲಿ ಸೇರಿಸಿ ಕನಿಷ್ಠ 10 ಡಾಲರ್ ಬೆಲೆಗೆ ಮಾರಿದರು. ಯುಕ್ರೇನ್ ಯುದ್ಧಸಂತ್ರಸ್ತರಿಗೆಂದು 60 ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹವಾಯಿತು. ಒಬ್ಬೊಬ್ಬರಾಗಿ ಮಾರಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಇದರ ಸಣ್ಣ ಚೂರೂ ಸಿಗುತ್ತಿರಲಿಲ್ಲ.

ನೀವು ಐದೇ ಜನ ಸೇರಿದರೂ ಕಟ್ಟು ಮಾಡಬಹುದು. ವಾಲ್‌ಪೇಪರ್, ಬಣ್ಣ ತುಂಬುವ ಹಾಳೆಗಳು, ಹೊಲಿಗೆ ಅಥವಾ ಹೆಣಿಗೆಯ ಪ್ಯಾಟರ್ನ್, ಮನೆಯಲ್ಲೇ ಮುದ್ರಿಸಿಕೊಳ್ಳುವ ಪೋಸ್ಟರ್, ಏನಾದರೂ ಆದೀತು. ಮುದ್ರಿಸುವಂಥದ್ದಾದರೆ ಎ4 ಅಳತೆಗೆ 2480×3508 ಪಿಕ್ಸೆಲ್ ಕೊಡಿ, ಅದು ಇಂಚಿಗೆ 300 ಪಿಕ್ಸೆಲ್‌ನ ಲೆಕ್ಕ. ಎಲ್ಲರ ಕಡತಗಳಿಗೂ ಒಂದೇ ಬಗೆಯ ಹೆಸರಿಡಿ, ಮೊದಲ ಪುಟದಲ್ಲಿ ಯಾರ್ಯಾರದು ಯಾವುದು ಎಂದು ಬರೆದ ಒಂದು ಪಿಡಿಎಫ್ ಸೇರಿಸಿ. ಡೌನ್‌ಲೋಡ್ ಕೊಂಡಿ ಕೆಲಸ ಮಾಡಲಿಲ್ಲ ಎಂಬ ದೂರು ಖಂಡಿತ ಬರುತ್ತದೆ. ಬೇರೊಂದು ಕಡೆ ಅದೇ ಕಡತಗಳ ಪ್ರತಿ ಸಿದ್ಧವಿರಲಿ.

ಲಕ್ಕಿ ಡ್ರಾ ಮಾಡಬಹುದೇ? ಹರಾಜು?

ಟಿಕೆಟ್ ಮಾರಿ ಬಹುಮಾನ ಎತ್ತುವುದು ಅನೇಕ ದೇಶಗಳಲ್ಲಿ ಲಾಟರಿ ಕಾನೂನಿನಡಿ ಬರುತ್ತದೆ. ಉದ್ದೇಶ ಒಳ್ಳೆಯದಿದ್ದರೂ ಪರವಾನಗಿ ಬೇಕಾಗಬಹುದು, ಕೆಲವೆಡೆ ಸಾರಾಸಗಟು ನಿಷಿದ್ಧ. ಆನ್‌ಲೈನ್‌ನಲ್ಲಿ ಬೇರೆ ರಾಜ್ಯ, ಬೇರೆ ದೇಶದವರೂ ಕೊಳ್ಳುವುದರಿಂದ ತೊಡಕು ಇನ್ನೂ ಹೆಚ್ಚು. ಬಿಟ್ಟುಬಿಡಿ, ಹರಾಜು ಮಾಡಿ.

2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕಾಡ್ಗಿಚ್ಚಿನ ಸಮಯದಲ್ಲಿ ಅಲ್ಲಿನ ಲೇಖಕರು, ಚಿತ್ರಕಾರರು ಟ್ವಿಟ್ಟರ್‌ನಲ್ಲಿ ಹರಾಜು ನಡೆಸಿದರು. ಸಹಿ ಮಾಡಿದ ಪುಸ್ತಕ, ಹಸ್ತಪ್ರತಿಯ ವಿಮರ್ಶೆ, ಮೂಲಚಿತ್ರ, ಕಥೆಯ ಪಾತ್ರಕ್ಕೆ ಗೆದ್ದವರ ಹೆಸರು ಇಂಥವನ್ನು ಇಟ್ಟರು. ಗೆದ್ದವರು ಹಣವನ್ನು ಕಲಾವಿದರಿಗೆ ಕೊಡಲಿಲ್ಲ. ನೇರವಾಗಿ ಅಗ್ನಿಶಾಮಕ ಸೇವೆಯ ನಿಧಿಗೆ ಕಟ್ಟಿ, ರಸೀದಿಯನ್ನು ಕಲಾವಿದರಿಗೆ ಕಳಿಸಿದರು. ಹಣ ನಿಮ್ಮ ಕೈಗೇ ಬರುವುದಿಲ್ಲವಾದ್ದರಿಂದ ಲೆಕ್ಕದ ತಲೆನೋವು, ಗೇಟ್‌ವೇ ಕಡಿತ, ಅನುಮಾನ ಮೂರೂ ಇಲ್ಲ. ಒಬ್ಬಂಟಿ ಕಲಾವಿದರಿಗೆ ಇದಕ್ಕಿಂತ ಸ್ವಚ್ಛವಾದ ದಾರಿ ಇನ್ನೊಂದಿಲ್ಲ.

ನಡೆಸುವಾಗ ಇಷ್ಟನ್ನು ಮೊದಲೇ ಬರೆದು ಹಾಕಿ. ಆರಂಭದ ಬೆಲೆ, ಪ್ರತಿ ಕೂಗಿಗೆ ಕನಿಷ್ಠ ಏರಿಕೆ, ಮುಗಿಯುವ ದಿನ ಮತ್ತು ಗಂಟೆ, ಯಾವ ದೇಶದ ಗಂಟೆ. ಕೊನೆಯ ಐದು ನಿಮಿಷದಲ್ಲಿ ಹೊಸ ಕೂಗು ಬಂದರೆ ಇನ್ನೈದು ನಿಮಿಷ ಮುಂದೆ ಹೋಗುತ್ತದೆ ಎಂಬ ನಿಯಮವಿಡಿ, ಇಲ್ಲವಾದರೆ ಕೊನೆಯ ಸೆಕೆಂಡಿಗೆ ಕಾದು ಕೂತವರು ಕಡಿಮೆ ಬೆಲೆಗೆ ಎತ್ತಿಕೊಂಡು ಹೋಗುತ್ತಾರೆ. ಗೆದ್ದವರು 48 ಗಂಟೆಯೊಳಗೆ ರಸೀದಿ ತೋರಿಸದಿದ್ದರೆ ಎರಡನೆಯವರಿಗೆ ಅವರ ಕೂಗಿನ ಬೆಲೆಗೇ ಸಿಗುತ್ತದೆ ಎಂದೂ ಸೇರಿಸಿ. ಸಾಗಣೆ ಖರ್ಚು ಯಾರದು ಎಂಬುದನ್ನು ಮರೆತವರೇ ಹೆಚ್ಚು. ಬಿಲ್ಲು ಕೊನೆಗೆ ಕಲಾವಿದರ ತಲೆಗೆ ಬರುತ್ತದೆ.

ಯಾವ ಸಂಸ್ಥೆಗೆ ಕೊಡಬೇಕು?

ವಿಕೋಪಕ್ಕೆ ಮೊದಲೇ ಆ ಪ್ರದೇಶದಲ್ಲಿ ಕೆಲಸ ಮಾಡುತ್ತಿದ್ದವರಿಗೆ. ಅವರಿಗೆ ದಾರಿ ಗೊತ್ತು, ಭಾಷೆ ಗೊತ್ತು, ಯಾವ ಓಣಿಗೆ ಯಾರೂ ಹೋಗಿಲ್ಲ ಎಂಬುದು ಗೊತ್ತು. ಕೇಳಬೇಕಾದ ಪ್ರಶ್ನೆಗಳು: ನೋಂದಣಿ ಸಂಖ್ಯೆ ಏನು? ಕಳೆದ ವರ್ಷದ ಲೆಕ್ಕಪತ್ರ ಎಲ್ಲಿದೆ? ಈ ವಿಕೋಪದಲ್ಲಿ ಈಗ ಏನು ಮಾಡುತ್ತಿದ್ದೀರಿ? ದೇಣಿಗೆಗೆ ಸಂಸ್ಥೆಯ ಹೆಸರಲ್ಲೇ ಬ್ಯಾಂಕ್ ಖಾತೆ ಇದೆಯೇ? ಹೊರದೇಶದ ಹಣ ಪಡೆಯಲು ಅನುಮತಿ ಇದೆಯೇ? ಕೊನೆಯದು ಮುಖ್ಯ, ಹಲವು ದೇಶಗಳಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ನೋಂದಣಿ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲೇ ತಾಳೆ ನೋಡಿ, ಸಂಸ್ಥೆಯ ಪುಟದಲ್ಲಿ ಬರೆದಿದೆ ಎಂದು ನಂಬಬೇಡಿ.

ಹಣ ಹೋಗುವ ನಿಧಿಯ ನಿಯಮವನ್ನೂ ಓದಿ. 2020ರ ಅದೇ ಕಾಡ್ಗಿಚ್ಚಿನಲ್ಲಿ ಹಾಸ್ಯ ಕಲಾವಿದೆ ಸೆಲೆಸ್ಟ್ ಬಾರ್ಬರ್ ಐದು ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೂ ಹೆಚ್ಚು ಸಂಗ್ರಹಿಸಿದರು. ಹಣ ಸೇರಿದ್ದು ನ್ಯೂ ಸೌತ್ ವೇಲ್ಸ್‌ನ ಗ್ರಾಮೀಣ ಅಗ್ನಿಶಾಮಕ ಸೇವೆಯ ಟ್ರಸ್ಟಿಗೆ. ಇಷ್ಟು ದೊಡ್ಡ ಮೊತ್ತ ಬಂದ ಮೇಲೆ ಬೇರೆ ಪರಿಹಾರ ಸಂಸ್ಥೆಗಳಿಗೂ ಹಂಚಬೇಕೆಂದು ಅವರು ಬಯಸಿದರು. ಟ್ರಸ್ಟಿನ ಪತ್ರದಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಕೊಟ್ಟವರಲ್ಲಿ ಹಲವರ ಮನಸ್ಸಿನಲ್ಲಿ ಮನೆ ಕಳೆದುಕೊಂಡವರು, ಗಾಯಗೊಂಡ ಪ್ರಾಣಿಗಳು ಇದ್ದರು. ಮನಸ್ಸಿನಲ್ಲಿದ್ದದ್ದನ್ನು ಕಾನೂನು ಎಣಿಸುವುದಿಲ್ಲ, ಬರೆದ ಹೆಸರನ್ನು ಎಣಿಸುತ್ತದೆ.

‘ಈ ಪ್ರವಾಹಕ್ಕೆ ಮಾತ್ರ’ ಎಂದು ಷರತ್ತು ಹಾಕಬೇಕೇ?

ಆದಷ್ಟೂ ಬೇಡ. 2004ರ ಡಿಸೆಂಬರ್ ಸುನಾಮಿಯಾದ ಸುಮಾರು ವಾರದಲ್ಲೇ ‘ಎಂಎಸ್‌ಎಫ್’ ವೈದ್ಯರ ಸಂಸ್ಥೆ ತನ್ನ ಸುನಾಮಿ ಕೆಲಸಕ್ಕೆ ಸಾಕಷ್ಟು ಹಣ ಬಂದಿದೆ, ಇನ್ನು ಅದಕ್ಕೆಂದೇ ಕೊಡಬೇಡಿ ಎಂದು ಬಹಿರಂಗವಾಗಿ ಹೇಳಿತು. ಕೊಟ್ಟವರನ್ನು ಮತ್ತೆ ಸಂಪರ್ಕಿಸಿ, ಬೇರೆ ತುರ್ತುಗಳಿಗೆ ಬಳಸಲು ಒಪ್ಪಿಗೆಯನ್ನೂ ಕೇಳಿತು. ಕ್ಯಾಮೆರಾ ಹೋದ ಕಡೆಗೆ ಹಣ ಹರಿಯುತ್ತದೆ, ಪಕ್ಕದ ಕಷ್ಟಕ್ಕೆ ಇರುವುದಿಲ್ಲ. ನಿಮ್ಮ ಪುಟದಲ್ಲಿ ಒಂದು ಸಾಲು ಸೇರಿಸಿ: ‘ಈ ವಿಕೋಪದ ಅಗತ್ಯ ತೀರಿದರೆ ಉಳಿದ ಹಣವನ್ನು ಸಂಸ್ಥೆ ಇತರ ತುರ್ತು ಕೆಲಸಗಳಿಗೆ ಬಳಸಬಹುದು.’

ಹಣದ ಬದಲು ನಾವು ಮಾಡಿದ ಕಂಬಳಿ, ಗೊಂಬೆ, ಬಟ್ಟೆ ಕಳಿಸಬಹುದೇ?

ಅಲ್ಲಿಯವರು ಬರೆದು ಕೇಳಿದ್ದರೆ ಮಾತ್ರ. ಕೇಳದೆ ಬಂದ ಸಾಮಾನು ಬಂದರಿನಲ್ಲಿ, ರಸ್ತೆಯಲ್ಲಿ, ಗೋದಾಮಿನಲ್ಲಿ ಜಾಗ ಹಿಡಿಯುತ್ತದೆ. ಅದನ್ನು ಇಳಿಸಲು, ವಿಂಗಡಿಸಲು ಪರಿಹಾರದ ಕೆಲಸ ಬಿಟ್ಟು ಜನ ಬರಬೇಕು. ಸುನಾಮಿಯ ನಂತರ ಉಷ್ಣ ದೇಶಗಳಿಗೆ ಚಳಿಗಾಲದ ಉಡುಪುಗಳ ರಾಶಿ, ಬಳಸಲಾಗದ ಔಷಧಿ ಬಂದು ಬಿದ್ದದ್ದು ದಾಖಲಾಗಿದೆ. ಹಣವಾದರೆ ಹತ್ತಿರದ ಅಂಗಡಿಯಲ್ಲೇ ಬೇಕಾದ್ದನ್ನು ಕೊಳ್ಳಬಹುದು, ಆ ಅಂಗಡಿಯೂ ಮತ್ತೆ ತೆರೆಯುತ್ತದೆ. ನಿಮ್ಮ ಕಂಬಳಿಯನ್ನು ನೀವಿರುವಲ್ಲೇ ಮಾರಿ ಹಣ ಕಳಿಸಿ.

ವಿನ್ಯಾಸದಲ್ಲಿ ಏನನ್ನು ಬಳಸಬಾರದು?

ಮೊದಲನೆಯದಾಗಿ ಬಿಳಿಯ ಮೇಲೆ ಕೆಂಪು ಶಿಲುಬೆಯ ಗುರುತು. ಅದು ‘ನೆರವು’ ಎಂಬುದರ ಸಾಮಾನ್ಯ ಚಿಹ್ನೆಯಲ್ಲ. 1949ರ ಜಿನೀವಾ ಒಪ್ಪಂದಗಳು ರಕ್ಷಿಸಿದ ಲಾಂಛನ. ಯುದ್ಧಭೂಮಿಯಲ್ಲಿ ವೈದ್ಯರ ಮೇಲೆ ಗುಂಡು ಬೀಳದಂತೆ ತಡೆಯುವುದು ಅದರ ಕೆಲಸ, ಹಾಗಾಗಿ ಮಾರಾಟದ ವಸ್ತುವಿನ ಮೇಲೆ ಹಾಕುವುದು ಹೆಚ್ಚಿನ ದೇಶಗಳಲ್ಲಿ ಕಾನೂನುಬಾಹಿರ. ಕೆಂಪು ಅರ್ಧಚಂದ್ರ, 2005ರಲ್ಲಿ ಒಪ್ಪಿಕೊಂಡ ಕೆಂಪು ಹರಳಿಗೂ ಇದೇ ನಿಯಮ.

ಯಾವುದೇ ಸಂಸ್ಥೆಯ ಹೆಸರು, ಲೋಗೊ ಬಳಸುವ ಮುನ್ನ ಲಿಖಿತ ಒಪ್ಪಿಗೆ ಪಡೆಯಿರಿ. ಸುದ್ದಿ ಛಾಯಾಚಿತ್ರವನ್ನು ನೋಡಿ ಬಿಡಿಸಿದ ಚಿತ್ರಕ್ಕೂ ಹಕ್ಕಿನ ಪ್ರಶ್ನೆ ಬರುತ್ತದೆ. ಅಳುತ್ತಿರುವ, ಗುರುತು ಹಿಡಿಯಬಹುದಾದ ಮುಖಗಳು ಬೇಡವೇ ಬೇಡ. ಆ ವ್ಯಕ್ತಿ ನಾಳೆ ತನ್ನ ಮುಖವನ್ನು ಯಾರದೋ ಚೀಲದ ಮೇಲೆ ನೋಡಬೇಕಾಗಬಾರದು. ಆ ಊರಿನ ಹಕ್ಕಿ, ಹೂವು, ನೇಯ್ಗೆಯ ವಿನ್ಯಾಸ, ಕಟ್ಟಡ ಇವುಗಳಿಂದ ಒಳ್ಳೆಯ ಕೆಲಸ ಹುಟ್ಟುತ್ತದೆ, ವರ್ಷ ಕಳೆದ ಮೇಲೂ ಜನ ಅದನ್ನು ಗೋಡೆಯ ಮೇಲಿಟ್ಟಿರುತ್ತಾರೆ. ಫಾಂಟ್‌ನ ಪರವಾನಗಿಯನ್ನೂ ನೋಡಿ. ‘ವೈಯಕ್ತಿಕ ಬಳಕೆಗೆ ಉಚಿತ’ ಎಂದಿದ್ದರೆ ದೇಣಿಗೆಗಾಗಿ ಮಾಡುವ ಮಾರಾಟ ಅದರಲ್ಲಿ ಸೇರುವುದಿಲ್ಲ.

ಹಲವು ಕಲಾವಿದರು ಸೇರಿದರೆ ಒಪ್ಪಂದ ಬೇಕೇ?

ಒಂದು ಪುಟ ಸಾಕು, ಆದರೆ ಬೇಕು. ಚಿತ್ರದ ಹಕ್ಕು ಕಲಾವಿದರದ್ದೇ, ಈ ಮಾರಾಟಕ್ಕೆ ಮಾತ್ರ ಇಂಥ ದಿನಾಂಕದವರೆಗೆ ಬಳಕೆ, ಯಾವ ವಸ್ತುಗಳ ಮೇಲೆ, ಹಣ ಯಾರ ಖಾತೆಗೆ, ಉಳಿದ ಸ್ಟಾಕ್ ಏನಾಗಬೇಕು ಎಂದು ಬರೆದು ಇಮೇಲ್‌ನಲ್ಲಿ ಎಲ್ಲರಿಂದ ‘ಒಪ್ಪಿದೆ’ ಪಡೆಯಿರಿ. ಹೀಗೆ ಬರೆಯದೆ ಹೋದರೆ ಜಗಳ ಬರುವುದು ಹಣದ ವಿಷಯಕ್ಕಲ್ಲ. ಎರಡು ವರ್ಷದ ನಂತರವೂ ಯಾರೋ ಅದೇ ಚಿತ್ರ ಮಾರುತ್ತಿರುವುದು ಕಂಡಾಗ ಬರುತ್ತದೆ.

ಮಾರಾಟದ ಪುಟದಲ್ಲಿ ನಿಖರವಾಗಿ ಏನು ಬರೆಯಬೇಕು?

ಅಮೆರಿಕದ ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಇಟ್ಟಿರುವ ಮಾನದಂಡ ಎಲ್ಲಿಯಾದರೂ ಹೊಂದುವಂಥದ್ದು: ಬೆಲೆಯಲ್ಲಿ ಎಷ್ಟು ಸಂಸ್ಥೆಗೆ ಹೋಗುತ್ತದೆ, ಎಂದಿನಿಂದ ಎಂದಿನವರೆಗೆ, ಗರಿಷ್ಠ ಮಿತಿ ಅಥವಾ ಕನಿಷ್ಠ ಖಾತ್ರಿ ಇದ್ದರೆ ಎಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1992ರ ಚಾರಿಟಿಗಳ ಕಾಯ್ದೆ ಇನ್ನೂ ಬಿಗಿ. ದತ್ತಿ ಸಂಸ್ಥೆಯ ಹೆಸರು ಹೇಳಿ ವಸ್ತು ಮಾರುವ ವ್ಯಾಪಾರಿಗೆ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದವಿರಬೇಕು. ನಿಮ್ಮಲ್ಲಿನ ನಿಯಮವನ್ನು ಸಂಸ್ಥೆಯವರೇ ಸಾಮಾನ್ಯವಾಗಿ ಹೇಳುತ್ತಾರೆ, ಕೇಳಿ.

ಬರೆಯುವ ರೀತಿ ಹೀಗಿರಲಿ: ‘ಪ್ರತಿ ಪ್ರಿಂಟ್ ಮಾರಾಟದಿಂದ 400 ಇಂಥ ಸಂಸ್ಥೆಗೆ. ಮಾರಾಟ 5ರಿಂದ 14ರವರೆಗೆ. ಎಷ್ಟೇ ಮಾರಲಿ, ಕನಿಷ್ಠ 10,000 ಕೊಡುವುದು ಖಚಿತ. ಹಣ ಮುಂದಿನ ತಿಂಗಳ 15ರೊಳಗೆ ಕಳಿಸಿ, ರಸೀದಿಯನ್ನು ಇದೇ ಪುಟದಲ್ಲಿ ಹಾಕುತ್ತೇವೆ.’ ಕನಿಷ್ಠ ಖಾತ್ರಿ ಎಂದರೆ ಇಲ್ಲಿ 25 ಪ್ರಿಂಟಿನ ಪಾಲು. ಒಂದೂ ಮಾರದಿದ್ದರೂ ಜೇಬಿನಿಂದ ಕೊಡಲು ಆಗುವಷ್ಟನ್ನೇ ಹೇಳಿ. ಆಗುವುದಾದರೆ ಆ ಖಾತ್ರಿ ಹಣವನ್ನು ಮೊದಲ ದಿನವೇ ಕಳಿಸಿಬಿಡಿ, ತುರ್ತು ದಿನಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಗೇಟ್‌ವೇಯವರು ಹಣ ತಡೆಹಿಡಿದರೆ?

ಆಗುತ್ತದೆ. ವಾರಕ್ಕೆ ಐದು ಆರ್ಡರ್ ಬರುತ್ತಿದ್ದ ಖಾತೆಗೆ ಒಂದೇ ದಿನ ಮುನ್ನೂರು ಬಂದರೆ ಅವರ ಯಂತ್ರಕ್ಕೆ ಅದು ವಂಚನೆಯಂತೆ ಕಾಣುತ್ತದೆ. ಪ್ರೀ-ಆರ್ಡರ್ ಆದರೆ ಅನುಮಾನ ಇನ್ನೂ ಹೆಚ್ಚು. ಮಾರಾಟಕ್ಕೆ ಮೂರು ನಾಲ್ಕು ದಿನ ಮೊದಲು ಅವರ ಸಹಾಯ ವಿಭಾಗಕ್ಕೆ ಬರೆಯಿರಿ: ಏನು ಮಾರುತ್ತಿದ್ದೀರಿ, ಎಷ್ಟು ನಿರೀಕ್ಷೆ, ಯಾವಾಗ ಕಳಿಸುತ್ತೀರಿ, ಸಂಸ್ಥೆಯ ಒಪ್ಪಿಗೆ ಪತ್ರ. ದೇಣಿಗೆ ಸಂಗ್ರಹಕ್ಕೆ ಆ ಖಾತೆಯ ಷರತ್ತುಗಳಲ್ಲಿ ಅವಕಾಶವಿದೆಯೇ ಎಂದೂ ಕೇಳಿ.

ಕಾರ್ಡಿನಿಂದ ಕೊಂಡವರು ಸಾಮಾನ್ಯವಾಗಿ 120 ದಿನಗಳವರೆಗೆ ಬ್ಯಾಂಕಿಗೆ ತಕರಾರು ಹೂಡಿ ಹಣ ವಾಪಸ್ ಪಡೆಯಬಹುದು. ಅಷ್ಟು ದಿನ ದೇಣಿಗೆ ಹಿಡಿದಿಟ್ಟುಕೊಳ್ಳುವುದು ಸರಿಯಲ್ಲ. ಮೇಲೆ ಎತ್ತಿಟ್ಟ ಶೇ. 5 ಇದಕ್ಕೂ ಸೇರಿಯೇ. ಅದನ್ನು ಉಳಿಸಿಕೊಂಡು ದೇಣಿಗೆಯನ್ನು ಹೇಳಿದ ದಿನ ಕಳಿಸಿ, ಅವಧಿ ಮುಗಿದ ಮೇಲೆ ಉಳಿದದ್ದನ್ನು ಎರಡನೇ ಕಂತಾಗಿ ಕೊಡಿ.

ತೆರಿಗೆಯ ವಿಷಯ?

ಹಣ ದಾನಕ್ಕೆ ಹೋದರೂ ಮಾರಾಟ ಮಾರಾಟವೇ, ಅದರ ತೆರಿಗೆ ಕಟ್ಟಬೇಕು. ಪೂರ್ತಿ ಹಣ ಮೊದಲು ನಿಮ್ಮ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ, ಆಮೇಲೆ ನಿಮ್ಮ ದೇಣಿಗೆಗೆ ರಿಯಾಯಿತಿ ಇದ್ದರೆ ಸಿಗುತ್ತದೆ. ಆ ರಿಯಾಯಿತಿಗೆ ಹಲವೆಡೆ ಮಿತಿಯಿದೆ, ಸಂಸ್ಥೆ ಬೇರೆ ದೇಶದ್ದಾದರೆ ಸಿಗದೆಯೂ ಇರಬಹುದು. ದೊಡ್ಡ ಮೊತ್ತ ನಿರೀಕ್ಷಿಸುತ್ತಿದ್ದರೆ ಮಾರಾಟಕ್ಕೆ ಮುಂಚೆ ಲೆಕ್ಕಿಗರನ್ನು ಒಮ್ಮೆ ಕೇಳಿ. ಕೊಂಡವರಿಗೆ ‘ನಿಮಗೆ ತೆರಿಗೆ ವಿನಾಯಿತಿ ಇದೆ’ ಎಂದು ಮಾತ್ರ ಹೇಳಬೇಡಿ. ಅವರು ಕೊಂಡದ್ದು ವಸ್ತು, ಕೊಟ್ಟದ್ದು ಬೆಲೆ.

ಕೊರಿಯರ್ ಖರ್ಚು ಯಾಕೆ ಯಾವಾಗಲೂ ಲೆಕ್ಕ ಮೀರುತ್ತದೆ?

ತೂಕವನ್ನಷ್ಟೇ ನೋಡುವುದರಿಂದ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಹೆಚ್ಚಾಗಿ 5000ದಿಂದ ಭಾಗಿಸಿದರೆ ಬರುವ ಕಿಲೋ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಕೊರಿಯರ್‌ನವರು ಅದಕ್ಕೇ ದರ ಹಾಕುತ್ತಾರೆ. 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ-ಎತ್ತರದ ಟ್ಯೂಬ್ ನಿಜವಾಗಿ 300 ಗ್ರಾಂ ಇದ್ದರೂ ಲೆಕ್ಕದಲ್ಲಿ 1.2 ಕಿಲೋ. ಘೋಷಣೆಗೆ ಮುಂಚೆ ಒಂದು ಪಾರ್ಸೆಲನ್ನು ಪೂರ್ತಿ ಕಟ್ಟಿ, ಅಳೆದು, ತೂಗಿ, ಅತಿ ದೂರದ ವಿಳಾಸಕ್ಕೆ ದರ ಕೇಳಿ.

ಹಣ ತಲುಪಿದ್ದನ್ನು ಹೇಗೆ ತೋರಿಸಬೇಕು?

ಮಾರಾಟಕ್ಕೆ ಪ್ರತ್ಯೇಕ ಖಾತೆ ಇಟ್ಟರೆ ಅರ್ಧ ಕೆಲಸ ಮುಗಿಯಿತು. ಆಗದಿದ್ದರೆ ಕನಿಷ್ಠ ಒಂದು ಹಾಳೆ: ದಿನಾಂಕ, ಆರ್ಡರ್ ಸಂಖ್ಯೆ, ವಸ್ತು, ಎಷ್ಟು, ದೇಣಿಗೆಯ ಪಾಲು, ರಿಫಂಡ್ ಆಗಿದೆಯೇ. ಕೊಂಡವರ ಹೆಸರು, ವಿಳಾಸ ಆ ಹಾಳೆಯಲ್ಲಿ ಬೇಡ, ಹಂಚಿಕೊಳ್ಳುವಾಗ ಸುಲಭವಾಗುತ್ತದೆ. ಆದಷ್ಟೂ ಕಡಿಮೆ ಕಂತುಗಳಲ್ಲಿ ಕಳಿಸಿ. ಬೇರೆ ದೇಶಕ್ಕಾದರೆ ಪ್ರತಿ ಸಲವೂ ಬ್ಯಾಂಕ್ ಶುಲ್ಕ ಬೀಳುತ್ತದೆ, ವಿನಿಮಯ ದರದಲ್ಲೂ ಕಡಿತವಾಗುತ್ತದೆ. ರಸೀದಿ ಹಾಕುವಾಗ ಖಾತೆ ಸಂಖ್ಯೆ, ಸಹಿ, ವಿಳಾಸ ಮುಚ್ಚಿ. ಸಂಸ್ಥೆಯ ಹೆಸರು, ಮೊತ್ತ, ದಿನಾಂಕ ಕಾಣಲಿ. ಅದರ ಕೆಳಗೆ ಎರಡು ಸಾಲು: ಎಷ್ಟು ಮಾರಿತು, ಎಷ್ಟು ರಿಫಂಡ್ ಆಯಿತು, ಗುಣಿಸಿದರೆ ಎಷ್ಟು. ಕೊಂಡ ಪ್ರತಿಯೊಬ್ಬರಿಗೂ ಇದನ್ನು ಇಮೇಲ್ ಮಾಡಿ, ಎಲ್ಲರೂ ನಿಮ್ಮ ಪುಟಕ್ಕೆ ಮತ್ತೆ ಬರುವುದಿಲ್ಲ.

ತೀರಾ ಕಡಿಮೆ ಮಾರಿದರೆ?

ಮಾರಿದಷ್ಟರ ಪಾಲು ಅಥವಾ ಕನಿಷ್ಠ ಖಾತ್ರಿ, ಯಾವುದು ಹೆಚ್ಚೋ ಅದನ್ನು ಕೊಡಿ, ಸಂಖ್ಯೆಯನ್ನು ಮುಚ್ಚಿಡದೆ ಹೇಳಿ. ಹನ್ನೊಂದು ಪ್ರಿಂಟ್ ಮಾರಿದ್ದೂ ಹನ್ನೊಂದು ಜನ ಕೊಟ್ಟ ಹಣ. ಅವಧಿ ವಿಸ್ತರಿಸುವುದಾದರೆ ಒಮ್ಮೆ ಮಾತ್ರ, ಹೊಸ ದಿನಾಂಕ ಹಾಕಿ.

ನಾವೇ ವಿಕೋಪಕ್ಕೆ ಸಿಕ್ಕಿದ್ದರೆ?

ಹಾಗಿದ್ದರೆ ಮೊದಲು ನಿಮಗಾಗಿ ಕೇಳಿ. ಸ್ಟುಡಿಯೋ ನೀರಲ್ಲಿ ಮುಳುಗಿದವರು ಇತರರಿಗಾಗಿ ಮಾರಾಟ ಮಾಡಬೇಕಿಲ್ಲ. ‘ಕುಲುಮೆ ಹಾಳಾಗಿದೆ, ಹೊಸದಕ್ಕೆ ಇಷ್ಟು ಬೇಕು, ಈ ಮಾರಾಟದ ಹಣ ಅದಕ್ಕೆ’ ಎಂದು ನೇರವಾಗಿ ಬರೆಯಿರಿ. ಹಾಳಾದ ಪ್ರತಿಯೊಂದು ಉಪಕರಣದ ಫೋಟೋ, ಬಿಲ್ಲು, ಕೊಂಡ ವರ್ಷ ಎತ್ತಿಟ್ಟುಕೊಳ್ಳಿ, ವಿಮೆ ಮತ್ತು ಸರ್ಕಾರಿ ಪರಿಹಾರಕ್ಕೆ ಅವೇ ಆಧಾರ. ಕೆಸರು ತೊಳೆಯುವ ಮುಂಚೆಯೇ ಫೋಟೋ ತೆಗೆಯಿರಿ. ಸ್ವಂತಕ್ಕೆ ಕೇಳುವ ಹಣವನ್ನೂ ಪರಿಹಾರ ನಿಧಿಯ ಹಣವನ್ನೂ ಒಂದೇ ಪುಟದಲ್ಲಿ, ಒಂದೇ ಖಾತೆಯಲ್ಲಿ ಬೆರೆಸಬೇಡಿ.

ಮುಗಿದ ಮೇಲೆ ಉಳಿದ ಸ್ಟಾಕ್ ಏನು ಮಾಡುವುದು?

ಹೆಚ್ಚುವರಿ ಮುದ್ರಿಸಿದ ಆ ಶೇ. 5ರಲ್ಲಿ ಕೆಲವು ಉಳಿಯುತ್ತವೆ. ವಸ್ತುವಿನ ಮೇಲೆಯೇ ವಿಕೋಪದ ಅಥವಾ ಸಂಸ್ಥೆಯ ಹೆಸರಿದ್ದರೆ ಮಾರಿದಾಗಲೆಲ್ಲ ಅದೇ ಪಾಲು ಅದೇ ಸಂಸ್ಥೆಗೆ ಹೋಗಬೇಕು, ಆರು ತಿಂಗಳ ನಂತರವಾದರೂ. ಹೆಸರಿಲ್ಲದ ವಿನ್ಯಾಸವಾದರೆ ದೇಣಿಗೆಯ ಸಾಲನ್ನು ಪುಟದಿಂದ ತೆಗೆದು, ಮಾರಾಟ ಮುಗಿದ ದಿನಾಂಕ ಬರೆದು, ಸಾಮಾನ್ಯ ಸರಕಾಗಿ ಮಾರಬಹುದು. ಹಳೆಯ ಪೋಸ್ಟ್‌ಗಳಲ್ಲೂ ‘ಮಾರಾಟ ಮುಗಿದಿದೆ, ರಸೀದಿ ಇಲ್ಲಿದೆ’ ಎಂದು ತಿದ್ದಿ. ಇಲ್ಲವಾದರೆ ವರ್ಷದ ನಂತರ ಅದನ್ನು ಕಂಡವರು ಈಗಲೂ ಹಣ ಪರಿಹಾರಕ್ಕೇ ಹೋಗುತ್ತದೆ ಎಂದುಕೊಂಡು ಕೊಳ್ಳುತ್ತಾರೆ.